ಬೋಂಡಾ ನಿರಾಕರಣೆ ಹಾಗೂ ಸಹೋದ್ಯೋಗಿಯ ಬಾಯಿ ನೋಡಿದ ಬಗ್ಗೆ

ತಾಲ್ಲೂಕು ತಿಂಡಿ ಮತ್ತು ತಿಳಿವಳಿಕೆ ಇಲಾಖೆ, ದಬ್ಬೇಘಟ್ಟ ಶಾಖೆ
ಕ್ರಮಾಂಕ: ತಿಂತಿ/ಸಿಬ್ಬಂದಿ/ಬೋಂಡಾ/07/2025-26

ವಿಷಯ: ಗುಮಾಸ್ತೆ ಶ್ರೀಮತಿ ಗುರುಶಾಂತಮ್ಮ ಅವರ ಅನಧಿಕೃತ ಕಾಳಜಿ.
ಉಲ್ಲೇಖ: ಬೋಂಡಾ ಕರಿದವರ ಮೌಖಿಕ ದೂರು.

ಈ ಕಚೇರಿಯಲ್ಲಿ ಏರ್ಪಡಿಸಿದ್ದ ಕ್ಯಾನ್ಸರ್ ಜಾಗೃತಿ ಸಭೆಯಲ್ಲಿ ಸೊಪ್ಪು, ತರಕಾರಿ, ಕಾಳು ಹೆಚ್ಚು ತಿನ್ನುವಂತೆಯೂ, ಮದ್ಯ ಮತ್ತು ಕರಿದ ತಿಂಡಿ ಕಡಿಮೆ ಮಾಡುವಂತೆಯೂ, ಹೊಗೆಸೊಪ್ಪನ್ನು ಬಿಟ್ಟೇಬಿಡುವಂತೆಯೂ ತಿಳಿಸಲಾಯಿತು. ತದನಂತರ ಎಲ್ಲರಿಗೂ ಬೋಂಡಾ ಮತ್ತು ಕಿತ್ತಳೆ ಬಣ್ಣದ ಸಿಹಿ ಪಾನೀಯ ವಿತರಿಸಲಾಯಿತು. ಕಿಟಕಿಯಾಚೆ ತೆಂಗಿನ ತೋಟವಿದ್ದಾಗ್ಯೂ, ಎಳನೀರಿಗೆ ರಸೀದಿ ಬಾರದ ಕಾರಣ ಅದನ್ನು ಪಾನೀಯವೆಂದು ಪರಿಗಣಿಸಲಾಗಿಲ್ಲ.

ಸದರಿ ಗುರುಶಾಂತಮ್ಮ ಅವರು ಬೋಂಡಾ ಮುಟ್ಟದೆ, ಮನೆಯಿಂದ ತಂದ ಮುದ್ದೆ, ಸೊಪ್ಪಿನ ಸಾರು ಉಂಡಿರುತ್ತಾರೆ. ಅಷ್ಟಕ್ಕೇ ನಿಲ್ಲಿಸದೆ, ಪಕ್ಕದ ಮೇಜಿನ ಗುಮಾಸ್ತ ಶ್ರೀರಂಗಯ್ಯನವರು ಖಾರ ತಾಳದೆ ಬೋಂಡಾ ಕೆಳಗಿಟ್ಟದ್ದನ್ನು ಗಮನಿಸಿ, ಬಾಯಿ ತೆರೆಸಿ ನೋಡಿರುತ್ತಾರೆ. ಸಾಕ್ಷಿಗಳು ಕೇಳಿಸಿಕೊಂಡ ಮಾತು ಇಂತಿದೆ:

"ಅಣ್ಣ, ಈ ಹುಣ್ಣು ಎಷ್ಟ್ ದಿನದಿಂದ ಐತೆ?"

"ಬುಡವ್ವ, ಒಂದ್ ತಿಂಗ್ಳಾಯ್ತು, ಬಿಸಿ ಕಾಫಿ ಕುಡ್ದು ಸುಟ್ಟೋಗಿರೋದು."

"ಕಾಫಿ ಸುಟ್ಟಿದ್ದು ತಿಂಗಳಾದ್ರೂ ಮಾಯಲ್ವಾ? ನಮ್ಮ ಯಜಮಾನ್ರೂ ಹಿಂಗೇ ಅಂತಿದ್ರು. ಆಮ್ಯಾಕೆ ಗಂಜಿ ನುಂಗಕ್ಕೂ ಆಗ್ಲಿಲ್ಲ. ಏಳಿ ಮೇಲೆ, ಡಾಕ್ಟ್ರ ತಾವ ಹೋಗಾನ."

ಶ್ರೀರಂಗಯ್ಯನವರು ಹೊಗೆಸೊಪ್ಪಿನ ಡಬ್ಬಿಯನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದು ಅವರೊಂದಿಗೆ ಆಸ್ಪತ್ರೆಗೆ ಹೋಗಿರುತ್ತಾರೆ. ಹಾಜರಾತಿ ಪುಸ್ತಕದಲ್ಲಿ ನಿರ್ಗಮನದ ಸಹಿಯನ್ನೂ ಹಾಕಿರುವುದಿಲ್ಲ.

ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಗುರುಶಾಂತಮ್ಮ ಅವರು ಪತಿಯ ನಿಧನಾನಂತರ ಅನುಕಂಪದ ಆಧಾರದ ಮೇಲೆ ನೇಮಕಗೊಂಡವರು. ಸದರಿ ಅನುಕಂಪವನ್ನು ಕಚೇರಿ ವೇಳೆಯಲ್ಲಿ ಇತರರಿಗೆ ಹಂಚತಕ್ಕದ್ದಲ್ಲ.

2. ಹೊಗೆಸೊಪ್ಪು ಬಿಡಲಿಚ್ಛಿಸುವವರು ತ್ರಿಪ್ರತಿಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಮಂಜೂರಾಗುವವರೆಗೆ ಅಗಿಯುವುದನ್ನು ನಿಲ್ಲಿಸುವುದು ಶಿಸ್ತು ಉಲ್ಲಂಘನೆಯಾಗುತ್ತದೆ.

3. ಸೌತೆಕಾಯಿ, ಮೂಲಂಗಿ ಮುಂತಾದವನ್ನು ಕಡತಗಳಿಗೆ ಕೇಳಿಸದಂತೆ ತಿನ್ನತಕ್ಕದ್ದು.

4. ಸಿಬ್ಬಂದಿಯ ಒಳಬಾಯಿ ಇಲಾಖೆಯ ಆಸ್ತಿಯಾಗಿದ್ದು, ಅದನ್ನು ನೋಡಲು ಮೇಲಧಿಕಾರಿಗಳ ಪೂರ್ವಾನುಮತಿ ಕಡ್ಡಾಯ.

5. ಶ್ರೀರಂಗಯ್ಯನವರದು ಕ್ಯಾನ್ಸರೇ ಆಗಿದ್ದು, ಮೊದಲ ಹಂತದಲ್ಲೇ ಸಿಕ್ಕಿದೆ, ಶಸ್ತ್ರಚಿಕಿತ್ಸೆ ಚೆನ್ನಾಗಿ ಆಗಿದೆ ಎಂದು ವೈದ್ಯರು ತಿಳಿಸಿದ್ದಾರೆ. ಸೂಕ್ತ ಮಾರ್ಗದಲ್ಲಿ ಪತ್ರ ವ್ಯವಹಾರ ನಡೆಸಿದ್ದಲ್ಲಿ ಇಷ್ಟು ಬೇಗ ಸಿಗುತ್ತಿರಲಿಲ್ಲ ಎಂಬುದನ್ನು ವಿಷಾದದಿಂದ ದಾಖಲಿಸಲಾಗಿದೆ.

ಸಹಿ/-
(ರವೀಂದ್ರ)
ಕಚೇರಿ ಅಧೀಕ್ಷಕರು

ಪ್ರತಿಗಳು:
1. ಬೋಂಡಾ ಕರಿದವರಿಗೆ, ಸಾಂತ್ವನಕ್ಕಾಗಿ.
2. ಶ್ರೀ ಶ್ರೀರಂಗಯ್ಯ ಅವರಿಗೆ, ಬಾಯಿಯ ಹೊಲಿಗೆ ಬಿಚ್ಚಿದ ನಂತರ ಮೌಖಿಕ ವಿವರಣೆ ನೀಡಲು.
3. ಅವರ ಪತ್ನಿ ಶ್ರೀಮತಿ ಶಿವರುದ್ರಮ್ಮ ಅವರಿಗೆ, ಕಚೇರಿಗೆ ಬಂದು ಗುರುಶಾಂತಮ್ಮನವರ ಕೈ ಹಿಡಿದು ಅತ್ತದ್ದಕ್ಕೆ ಕಾರಣ ಕೇಳಿ.
4. ಶ್ರೀಮತಿ ಗುರುಶಾಂತಮ್ಮ ಅವರಿಗೆ (ಗೋಪ್ಯ): ಅಧೀಕ್ಷಕರ ಎಡಗೆನ್ನೆಯ ಒಳಗೂ ಒಂದು ಬಿಳಿ ಮಚ್ಚೆ ಕಾಣಿಸಿದ್ದು, ದಯವಿಟ್ಟು ನಾಳೆ ಬೆಳಿಗ್ಗೆ ಜೊತೆಗೆ ಬರುವುದು.