ಮಂಚದ ಮೇಲಿನ ಮತಗಟ್ಟೆ

ಚುನಾವಣೆ ಡ್ಯೂಟಿಗೆ ಹೋಗಿ ಬಂದ ಯಾರನ್ನಾದರೂ ಕೇಳಿ ನೋಡಿ, ಹೇಳಲಿಕ್ಕೆ ನಾಲ್ಕು ಪ್ರಸಂಗ ಇದ್ದೇ ಇರುತ್ತವೆ. ಅವುಗಳಲ್ಲಿ ಮರ್ಯಾದೆ ಉಳಿಸಿಕೊಂಡವರು ಮಾತ್ರ ಒಬ್ಬರೂ ಇರುವುದಿಲ್ಲ.

ನಾನು ಮಂಡ್ಯದವಳು. ಮಳವಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ಅಂತ ಕಚೇರಿಯಲ್ಲಿ ನನಗೊಂದು ಗೌರವ ಇದೆ. ನಾಲ್ಕು ಜನರ ಮುಂದೆ ಬಾಯಿ ಬಿಡಬೇಕಾದಾಗ ಕನ್ನಡವೂ ಕೈಕೊಡುತ್ತದೆ, ಇಂಗ್ಲಿಷೂ ಕೈಕೊಡುತ್ತದೆ ಅನ್ನುವುದು ಅವರಿಗಿನ್ನೂ ಗೊತ್ತಿಲ್ಲ. ಈ ಸಲ ನನ್ನನ್ನು ಹಾಕಿದ್ದು, ಎಂಬತ್ತೈದು ದಾಟಿದವರ ಮನೆಗೇ ಹೋಗಿ ಅಂಚೆ ಮತ ಹಾಕಿಸಿಕೊಂಡು ಬರುವ ತಂಡಕ್ಕೆ. ಅಂಚೆ ಮತ ಅಂತ ಹೆಸರು, ಪೋಸ್ಟಾಫೀಸಿಗೆ ಇದರ ಗಂಧಗಾಳಿಯೂ ಇರುವುದಿಲ್ಲ. ಪೋಸ್ಟ್‌ಮ್ಯಾನ್ ಕೆಲಸ ನಾವೇ ಜೀಪಿನಲ್ಲಿ ಮಾಡಬೇಕು.

ಇದರ ಲಾಭ ಏನು ಅಂತ ತರಬೇತಿಯಲ್ಲಿ ಅರ್ಧ ದಿನ ಹೇಳಿದರು. ಹಾಸಿಗೆ ಹಿಡಿದವರೂ ಓಟು ಹಾಕಬಹುದು, ಬಿಸಿಲಲ್ಲಿ ಸಾಲು ನಿಲ್ಲಬೇಕಿಲ್ಲ. ನಿಜವೇ. ಅಪಾಯ ಏನು ಅಂತ ಮಾತ್ರ ಯಾರೂ ಹೇಳಲಿಲ್ಲ. ಬೂತಿನಲ್ಲಾದರೆ ಪಕ್ಷದವರು, ಮಕ್ಕಳು, ಅಳಿಯಂದಿರು ಎಲ್ಲ ದೂರ ನಿಲ್ಲಬೇಕು. ಮನೆಯಲ್ಲಾದರೆ ಅವರೆಲ್ಲ ಅದೇ ಮಂಚದ ಮೇಲೆ ಕೂತಿರುತ್ತಾರೆ.

ಹೆಡ್‌ಮಾಸ್ಟರ ಸಹಿ

ನಮ್ಮ ತಂಡಕ್ಕೆ ಮುಖ್ಯಸ್ಥರು ಒಬ್ಬ ಹೆಡ್‌ಮಾಸ್ಟರು. ನಿಯಮಗಳ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುವ ಮನುಷ್ಯ. ತರಬೇತಿಯಲ್ಲಿ ಮೇಲಧಿಕಾರಿ ಒಂದು ಹೇಳಿದರೆ ಇವರು ಎದ್ದು ನಿಂತು ಎರಡು ಸೇರಿಸುತ್ತಿದ್ದರು. “ಮತಪತ್ರದ ಮೇಲೆ ಗುರುತು ಬಿಟ್ಟು ಇನ್ನೇನೂ ಇರಬಾರದು. ಹೆಸರು ಕೂಡದು, ಊರು ಕೂಡದು, ಚುಕ್ಕಿಯೂ ಕೂಡದು. ಇದ್ದರೆ ತಿರಸ್ಕೃತ!” ಅಂತ ಇಡೀ ಸಭಾಂಗಣಕ್ಕೆ ಪಾಠ ಮಾಡಿದರು.

ಡ್ಯೂಟಿಗೆ ಹೋಗುವ ನೌಕರರೂ ಅಂಚೆ ಮತವನ್ನೇ ಹಾಕಬೇಕು. ಅವತ್ತೇ ಸಂಜೆ ಅಲ್ಲಿಯೇ ಸಾಲು. ನನ್ನ ಮುಂದೆ ಅವರು. ಮರೆಯೊಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಆಮೇಲೆ ಒಳಗಿಂದ ‘ಟಪ್’ ಅಂತ ಒಂದು ಸದ್ದು ಬಂತು. ಕವರು ಅಂಟಿಸಿ, ಪೆಟ್ಟಿಗೆಗೆ ಹಾಕಿ, ಕೈ ಒರೆಸಿಕೊಳ್ಳುತ್ತಾ ಹೊರಬಂದರು. ಕೈಯಲ್ಲಿ ಶಾಲೆಯ ಸೀಲು ಇತ್ತು.

ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ಕೇಳಿದರು, “ಸಾ, ಒಳಗೆ ಸೀಲು ಯಾತಕ್ಕೆ?”

“ಓಟು ಹಾಕಿ ಕೆಳಗೆ ಸಹಿ ಮಾಡಿ, ತಾರೀಕು ಬರೆದು, ಸೀಲು ಒತ್ತಿದೆ ಕಣಯ್ಯ. ಇಷ್ಟು ವರ್ಷದ ಸರ್ವೀಸಿನಲ್ಲಿ ಸಹಿ ಇಲ್ಲದ ಕಾಗದ ನನ್ನ ಕೈಯಿಂದ ಒಂದಾದರೂ ಹೊರಗೆ ಹೋಗಿದೆಯಾ?”

ಅಣ್ಣ ತಮ್ಮ

ನಮ್ಮ ಸುತ್ತು ಹಲಗೂರಿನ ಆಚೆಯ ಹಳ್ಳಿಗಳು. ಜೀಪಿನಲ್ಲಿ ಹೆಡ್‌ಮಾಸ್ಟರು, ಕಾನ್‌ಸ್ಟೇಬಲ್ಲು, ಮದ್ದೂರಿನಿಂದ ಬಂದ ವಿಡಿಯೋದವನು, ನಾನು. ಹಿಂದೆ ಎರಡು ಬೈಕಿನಲ್ಲಿ ಎರಡು ಪಕ್ಷದ ಏಜೆಂಟರು. ನಾವು ಸರಿಯಾಗಿ ಓಟು ಹಾಕಿಸುತ್ತೇವೋ ಇಲ್ಲವೋ ಅಂತ ನೋಡುವುದು ಅವರ ಕೆಲಸ. ಈ ಇಬ್ಬರೂ ಒಂದೇ ತಾಯಿಯ ಮಕ್ಕಳು. ಮನೆ ಭಾಗವಾದಾಗಿನಿಂದ ಮಾತಿಲ್ಲ. ಏನಿದ್ದರೂ ಕಾನ್‌ಸ್ಟೇಬಲ್ ಮೂಲಕ.

“ಸಾ, ಅವ್ನಿಗೆ ಯೋಳಿ, ಬೈಕು ಪಕ್ಕಕ್ಕೆ ತಕ್ಕಳ್ಲಿ.”

“ಸಾ, ಇದೇನು ಅವ್ನಪ್ಪನ ರಸ್ತೆನಾ ಅಂತ ಕೇಳಿ.”

“ಲೇ, ಇಬ್ರಿಗೂ ಒಬ್ನೇ ಅಪ್ಪ ಅಲ್ವೇನ್ರಯ್ಯ!” ಅಂದರು ಕಾನ್‌ಸ್ಟೇಬಲ್.

ಅವತ್ತಿನ ಪಟ್ಟಿಯಲ್ಲಿ ಕೊನೆಯ ಮನೆ ಇವರ ತಾಯಿಯದೇ. ಆಸ್ತಿಯ ಜೊತೆಗೆ ಅವ್ವನನ್ನೂ ಭಾಗ ಮಾಡಿಕೊಂಡಿದ್ದರು. ಒಂದು ತಿಂಗಳು ಅಣ್ಣನ ಮನೆಯಲ್ಲಿ ಊಟ, ಇನ್ನೊಂದು ತಿಂಗಳು ತಮ್ಮನ ಮನೆಯಲ್ಲಿ. ಬೆಳಗ್ಗೆ ಟೀ ಕುಡಿಯುವಾಗಲೇ ದೊಡ್ಡವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ, “ಅವ್ವನ ಓಟು ನಮ್ ಪಕ್ಸಕ್ಕೇ. ಅವ್ನ ಕಡೀಕ್ ಏನಾರ ಆಕುದ್ಲೋ, ಅವ್ನ ಮನೇಲೇ ವರ್ಸಪೂರ್ತಿ ಉಂಡ್ಕಳ್ಲಿ. ನನ್ ಬಾಗ್ಲು ಮುಚ್ತು.” ಚಿಕ್ಕವನು ಕಾನ್‌ಸ್ಟೇಬಲ್ ಕಡೆ ತಿರುಗಿ, “ಸಾ, ನಂದೂ ಅದೇ ಮಾತು ಅಂತ ಯೋಳ್ಬುಡಿ” ಅಂದ.

ಇಷ್ಟು ವರ್ಷದಲ್ಲಿ ಅಣ್ಣ ತಮ್ಮ ಒಪ್ಪಿದ ಒಂದೇ ವಿಷಯ ಇದು ಅಂತೆ.

ಹಾರ ತಂದವರು

ವಿಡಿಯೋದವನ ನಿಜವಾದ ಕೆಲಸ ಮದುವೆ, ನಾಮಕರಣ, ಬೀಗರ ಔತಣ. ಮತ ಹಾಕುವುದನ್ನು ತೆಗೆಯಬೇಕು, ಗುರುತು ಹಾಕುವುದನ್ನು ಮಾತ್ರ ತೆಗೆಯಬಾರದು ಅಂದರೆ ಅವನಿಗೆ ಬಹಳ ಬೇಜಾರು. “ತಾಳಿ ಕಟ್ಟೋ ಟೈಮಲ್ಲೇ ಕ್ಯಾಮೆರಾ ತಿರುಗ್ಸು ಅಂದ್ರೆ ಹೆಂಗೆ ಮೇಡಂ?”

ಮೊದಲ ಮನೆಯಲ್ಲಿ ಹಾಸಿಗೆ ಹಿಡಿದ ಒಬ್ಬರು ತಾತ. ಮೊಮ್ಮಕ್ಕಳೆಲ್ಲ ಹೊಸ ಬಟ್ಟೆ ಹಾಕಿ ನಿಂತಿದ್ದರು. ವಿಡಿಯೋದವನು ಹೋದವನೇ ಎಲ್ಲರನ್ನೂ ಎತ್ತರದ ಪ್ರಕಾರ ಮಂಚದ ಹಿಂದೆ ನಿಲ್ಲಿಸಿದ. ತಾತನ ಹಣೆಗೆ ವಿಭೂತಿ ಹಚ್ಚಿಸಿದ. ಎದೆಯ ಮೇಲೆ ಕೈ ಜೋಡಿಸಿ ಇಡಿಸಿದ. “ತಾತ, ಅಲ್ಲಾಡ್ಬೇಡಿ, ಲೈಟು ಸರಿ ಮಾಡ್ತೀನಿ” ಅಂದ. ತಾತ ಅಲ್ಲಾಡಲಿಲ್ಲ.

ಬೀದಿಯಲ್ಲಿದ್ದವರಿಗೆ ಕಂಡದ್ದು ಪೊಲೀಸ್, ಜೀಪು, ಕ್ಯಾಮೆರಾ, ಮಂಚದ ಸುತ್ತ ನಿಂತ ಮನೆಮಂದಿ, ವಿಭೂತಿ ಹಚ್ಚಿಕೊಂಡು ಕೈ ಜೋಡಿಸಿ ಮಲಗಿದ ತಾತ. ಸುದ್ದಿ ಆ ಕೊನೆ ಮುಟ್ಟುವುದಕ್ಕೆ ಎಷ್ಟು ಹೊತ್ತು? ಯಾರೋ ಹಾರ ತಂದರು. ಏಜೆಂಟರಿಬ್ಬರೂ ಹಿಂದೆ ಮುಂದೆ ನೋಡದೆ ತಂತಮ್ಮ ಪಕ್ಷದ ಶಾಲನ್ನು ತಾತನ ಕಾಲಿನ ಮೇಲೆ ಹೊದಿಸಲು ಪೈಪೋಟಿಗೆ ಬಿದ್ದರು. ಎದುರು ಮನೆಯ ಹೆಂಗಸು ಬಾಗಿಲಲ್ಲೇ ಕುಕ್ಕರಿಸಿ ಎದೆ ಬಡಿದುಕೊಂಡು, “ಅಯ್ಯೋ ನಮ್ಮಪ್ಪಾ, ಓಗ್ಬುಟ್ಯಾ!” ಅಂತ ಶುರು ಮಾಡಿದಳು.

ತಾತ ಒಂದು ಕಣ್ಣು ತೆಗೆದು ಹೇಳಿದರು, “ಒಸಿ ಇರವ್ವ, ಇನ್ನೂ ಓಟಾಕಿಲ್ಲ.”

ನಡೆಯಲಾಗದ ಅಜ್ಜಿ

ಮುಂದಿನ ಮನೆಯ ಅಜ್ಜಿಗೆ ಒಂದು ಹೆಜ್ಜೆಯೂ ನಡೆಯಲಾಗುವುದಿಲ್ಲ ಅಂತ ಮಗ ಅರ್ಜಿ ಕೊಟ್ಟಿದ್ದ. ಹೋದರೆ ಮಂಚ ಖಾಲಿ.

“ಎಲ್ಲಪ್ಪ ನಿಮ್ಮ ತಾಯಿ?”

“ಮದ್ದೂರ್ಗೆ ಓಗವ್ಳೆ ಸಾ. ನಮ್ ದೊಡ್ಡಮ್ಮನ ಮೊಮ್ಮಗಳ್ದು ಬೀಗರೂಟ.”

ಹೆಡ್‌ಮಾಸ್ಟರು ಪುಸ್ತಕ ತೆಗೆದರು. “ನಡೆಯೋಕಾಗಲ್ಲ ಅಂತ ಬರೆದುಕೊಟ್ಟಿದ್ದೀಯಲ್ಲಯ್ಯ!”

“ನಡ್ದು ಓಗಿಲ್ಲ ಸಾ, ಬಸ್ಸಲ್ಲಿ ಓಗವ್ಳೆ. ಎಂಗುಸ್ರಿಗೆ ಫ್ರೀ ಅಲ್ವಾ?”

“ಇನ್ನೊಂದೇ ಸಲ ಬರ್ತೀವಿ. ಆಗಲೂ ಇಲ್ಲದಿದ್ದರೆ ಓಟು ಹೋಯ್ತು. ಬೂತಿಗೆ ಹೋದರೂ ಕೊಡೋದಿಲ್ಲ. ಗೊತ್ತಾಯ್ತಾ?”

“ಸಾ, ಅಂಗಾದ್ರೆ ಒಂದ್ ಕೆಲ್ಸ ಮಾಡಿ. ಈಗ ಮದ್ದೂರ್ಗೇ ಓಗ್ಬುಡಿ. ಓಟೂ ಆಯ್ತದೆ, ನಿಮ್ದು ಊಟಾನೂ ಆಯ್ತದೆ.”

ಹೆಡ್‌ಮಾಸ್ಟರು ಬೈಯಬೇಕಿತ್ತು. ಬೈಯಲಿಲ್ಲ. ಪುಸ್ತಕದ ಪುಟ ತಿರುಗಿಸುತ್ತಾ ಮೆಲ್ಲಗೆ ಕೇಳಿದರು, “ನಾಟಿ ಕೋಳಿನೋ, ಕುರಿನೋ?”

ಅವ್ವನ ಓಟು

ಕೊನೆಗೆ ಅಣ್ಣ ತಮ್ಮನ ಊರಿಗೆ ಬಂದೆವು. ಎರಡು ಮನೆ, ನಡುವೆ ಒಂದು ಗೋಡೆ. ಗೋಡೆ ಮುಗಿಯುವಲ್ಲಿ ಬೀದಿಯ ಕಡೆಗೆ ಒಂದೇ ಜಗಲಿ. ಅವ್ವ ಅಲ್ಲಿ ಕೂತು ಮೊರದಲ್ಲಿ ಹುರುಳಿಕಾಳು ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ನಾವು ಬಂದೆವೆಂದು ತಲೆ ಎತ್ತಲೂ ಇಲ್ಲ.

ಬೈಕು ನಿಲ್ಲುವುದಕ್ಕೆ ಮುಂಚೆಯೇ ಜಗಳ ಎದ್ದಿತ್ತು. ಓಟು ಯಾರ ಮನೆಯೊಳಗೆ?

“ಪಟ್ಟೀಲಿ ಇರೋದು ನನ್ ಮನೆ ನಂಬ್ರು. ಓಟು ನನ್ ನಡುಮನೇಲೇ ಆಗ್ಬೇಕು” ಅಂದ ದೊಡ್ಡವನು.

“ಈ ತಿಂಗ್ಳು ಅವ್ವ ಉಣ್ತಿರೋದು ನನ್ ಮನೇಲಿ ಕಣ್ಲಾ! ಉಂಡ್ ಮನೇಲಿ ಓಟು!” ಅಂದ ಚಿಕ್ಕವನು.

ನಡುವೆ ಕಾನ್‌ಸ್ಟೇಬಲ್ ಇಲ್ಲದೆ ಅಣ್ಣ ತಮ್ಮ ನೇರವಾಗಿ ಮಾತಾಡಿದ್ದು ಅದೇ ಮೊದಲು. ಆಮೇಲೆ ಆಡಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಯಾರ ಸೂರಿನ ಕೆಳಗೆ ಓಟು ಬೀಳುತ್ತದೋ ಓಟು ಅವನದೇ ಅಂತ ಇಬ್ಬರೂ ನಂಬಿದ್ದರು, ಕೋಳಿ ಮೊಟ್ಟೆ ಇಟ್ಟ ಹಿತ್ತಲಿನ ಲೆಕ್ಕದಲ್ಲಿ. ಕಾನ್‌ಸ್ಟೇಬಲ್‌ಗೆ ಸಾಕಾಯಿತು. ಒಂದು ಮಂಚ ಹೊರಗೆ ಎಳೆದು ತಂದು, ಗೋಡೆಯ ನೇರಕ್ಕೆ ಎರಡು ಕಾಲು ಅಣ್ಣನ ಕಡೆ, ಎರಡು ಕಾಲು ತಮ್ಮನ ಕಡೆ ಬರುವ ಹಾಗೆ ಬೀದಿಯಲ್ಲೇ ಹಾಕಿ, ಅದರ ಮೇಲೆ ನಮ್ಮ ರಟ್ಟಿನ ಮರೆ ಇಟ್ಟರು.

ಹೆಡ್‌ಮಾಸ್ಟರು ಸುಮ್ಮನಿರಬೇಕಲ್ಲ. “ಮತದಾರರಿಗೆ ದೃಷ್ಟಿ ಇಲ್ಲದಿದ್ದರೆ ಬೇರೆಯವರು ಅವರ ಪರವಾಗಿ ಗುರುತು ಹಾಕಬಹುದು” ಅಂತ ಓದಿದರು.

“ಅವ್ವಂಗೆ ಕಣ್ಣೇ ಕಾಣ್ಸಲ್ಲ ಸಾ! ನಾನಾಕ್ತೀನಿ!” ಇಬ್ಬರೂ ಒಟ್ಟಿಗೆ ಕೈ ಎತ್ತಿದರು.

ಅವ್ವ ಒಂದು ಕಲ್ಲು ಆರಿಸಿ ಬಿಸಾಡಿದರು. ಅದು ಚಿಕ್ಕವನ ಕಾಲಿಗೇ ಬಿತ್ತು. “ಕಾಣ್ಸಲ್ವೇನ್ಲಾ? ಬೆಳಗ್ಗೆ ನಿನ್ನೆಂಡ್ರು ನನ್ ತಟ್ಟೆಗೆ ಮುದ್ದೆ ಇಕ್ಬುಟ್ಟು, ಅರ್ದ ಮುರ್ದು ವಾಪಸ್ ತಕ್ಕಂಡ್ಳಲ್ಲ, ಅದು ಕಾಣಿಸ್ತು.” ಆಮೇಲೆ ದೊಡ್ಡವನ ಕಡೆ ತಿರುಗಿದರು. “ನೀನು ಕುರಿ ಬಾಡು ತಂದ್ಬುಟ್ಟು, ನಾನು ಮನೀಕಳಗಂಟ ಇತ್ಲಲ್ಲಿ ಬಚ್ಚಿಟ್ಕಂಡು ಕೂತಿದ್ದಲ್ಲ, ಅದೂ ಕಾಣಿಸ್ತು. ಕೊಡಮ್ಮ ಆ ಕಾಗ್ದವ.”

ಹೆಬ್ಬೆಟ್ಟು ಒತ್ತಿಸಿಕೊಂಡು ಮತಪತ್ರ ಕೊಟ್ಟೆ. ಅವ್ವ ಮಂಚದ ಮೇಲೆ ಕೂತು, ಮರೆಯ ಹಿಂದೆ ಕಾಗದ ಹರಡಿದರು. ಇಣುಕುವುದಕ್ಕೆ ಕಾನ್‌ಸ್ಟೇಬಲ್ ಬಿಡಲಿಲ್ಲ. ದೊಡ್ಡವನಿಗೆ ಆಗ ತನ್ನ ಮನೆಯ ಹಂಚು ಸರಿಯಿಲ್ಲ ಅನ್ನುವುದು ಹೊಳೆಯಿತು. ಸರಸರ ಸೂರು ಹತ್ತಿದ. ನಮ್ಮ ರಟ್ಟಿನ ಮರೆಗೆ ಮೂರು ಕಡೆ ಗೋಡೆ ಇದೆ, ಮೇಲೆ ಮುಚ್ಚಳ ಇಲ್ಲ. ಅದು ಹೊಳೆದದ್ದೇ ತಡ, ಚಿಕ್ಕವನಿಗೂ ತನ್ನ ಹಂಚಿನ ನೆನಪಾಯಿತು. ಪಕ್ಷದ ಶಾಲು ಹೊದ್ದ ಇಬ್ಬರು ಗಂಡಸರು, ಮಕ್ಕಳ ತಂದೆಯರು, ಸೂರಿನ ತುದಿಯಲ್ಲಿ ಕುಕ್ಕುರುಗಾಲಲ್ಲಿ ಕೂತು ಅವ್ವನ ನೆತ್ತಿಯನ್ನೇ ನೋಡುತ್ತಿದ್ದರು. ವಿಡಿಯೋದವನಿಗೆ ಕ್ಯಾಮೆರಾ ತಿರುಗಿಸಲು ಕೊನೆಗೂ ಒಂದು ಒಳ್ಳೆಯ ಜಾಗ ಸಿಕ್ಕಿತು.

ಅವ್ವ ಮೇಲೆ ನೋಡಲಿಲ್ಲ. ಸೆರಗನ್ನು ಬಿಚ್ಚಿ ತಲೆಯ ಮೇಲಿಂದ ಮರೆಗೆ ಗುಡಾರದ ಹಾಗೆ ಹೊದಿಸಿದರು. “ಬಾ ಮಗ, ಈ ತುದಿ ಇಡ್ಕ. ನೀನೂ ಕಣ್ ಮುಚ್ಕ.”

ಹಿಡಿದುಕೊಂಡೆ. ಕಣ್ಣು ಮುಚ್ಚಿಕೊಂಡೆ. ಒಳಗೆ ಪೆನ್ನಿನ ಸದ್ದಾಯಿತು. ಮಡಿಸಿದ ಸದ್ದಾಯಿತು. ಮತಪತ್ರ ಚಿಕ್ಕ ಕವರಿಗೆ, ಅದು ದೊಡ್ಡ ಕವರಿಗೆ, ದೊಡ್ಡ ಕವರು ಪೆಟ್ಟಿಗೆಗೆ ಹೋಯಿತು.

ಅಣ್ಣ ತಮ್ಮ ಇಳಿದು ಬಂದು ಮಂಚದ ಎರಡೂ ಕಡೆ, ತಂತಮ್ಮ ಬಾಗಿಲ ಪಕ್ಕದಲ್ಲಿ ನಿಂತರು. ಬಾಗಿಲಲ್ಲಿ ಸೊಸೆಯರು ಬಂದು ನಿಂತರು. “ಈಗ ಯೋಳವ್ವ. ಯಾರ್ಗಾಕ್ದೆ?” ಅಂದ ದೊಡ್ಡವನು. ಅವನ ಒಂದು ಕೈ ಆಗಲೇ ಬಾಗಿಲ ಮೇಲಿತ್ತು.

ಅವ್ವ ಮೊರ ಎತ್ತಿಕೊಂಡರು. “ಯೋಳುದ್ರೆ ಓಟು ಕೆಟ್ಟೋಯ್ತದಂತೆ ಕಣ್ಲಾ. ಈ ಮಗ ಯೋಳ್ತು.”

ನಾನು ಏನೂ ಹೇಳಿರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಹೆಡ್‌ಮಾಸ್ಟರು ಪುಸ್ತಕ ತೆಗೆದು, “ಹಾಗೆ ಯಾವ ನಿಯಮವೂ…” ಅಂತ ಶುರು ಮಾಡಿದರು.

“ಇದೆ ಸರ್” ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ಎಣಿಕೆಗೆ ಮುಂಚೆಯೂ ಹೇಳೋ ಹಾಗಿಲ್ಲ, ಆಮೇಲೂ ಹೇಳೋ ಹಾಗಿಲ್ಲ. ಯಾರು ಕೇಳಿ ಹೇಳಿಸ್ತಾರೋ, ಓಟು ಅವರ ಎದುರು ಪಕ್ಷಕ್ಕೆ ಹೋಗುತ್ತೆ. ಹೊಸ ಸುತ್ತೋಲೆ.”

ತನಗೆ ಗೊತ್ತಿಲ್ಲದ ಸುತ್ತೋಲೆ ಒಂದಿದೆ ಅಂತ ಒಪ್ಪಿಕೊಳ್ಳುವ ಪೈಕಿ ಅಲ್ಲ ನಮ್ಮ ಹೆಡ್‌ಮಾಸ್ಟರು. ಪುಸ್ತಕ ಮುಚ್ಚಿದರು. “ಹೌದು ಹೌದು, ಮೊನ್ನೆ ಬಂತು. ಎರಡನೇ ಪ್ಯಾರಾ. ನಾನೇ ಎಲ್ಲರಿಗೂ ಓದಿ ಹೇಳಿದೆನಲ್ಲ!”

ದೊಡ್ಡವನ ಕೈ ಬಾಗಿಲಿಂದ ಕೆಳಗಿಳಿಯಿತು. “ಅಯ್ಯಯ್ಯೋ, ಯೋಳ್ಬ್ಯಾಡ ಅವ್ವ! ನಾನ್ ಕೇಳೇ ಇಲ್ಲ!”

“ಮೇಡಂ, ಬರ್ಕಳಿ, ಕೇಳಿದ್ದು ಅವ್ನು. ನಾನ್ ಉಸ್ರೇ ಎತ್ಲಿಲ್ಲ!” ಅಂದ ಚಿಕ್ಕವನು.

ಅವ್ವ ನಿಧಾನವಾಗಿ ಮಂಚದ ಮೇಲೆ ಕಾಲು ಚಾಚಿದರು. ಒಬ್ಬ ಮಗನನ್ನು ನೋಡಿದರು, ಇನ್ನೊಬ್ಬ ಮಗನನ್ನು ನೋಡಿದರು, ಬಾಗಿಲಲ್ಲಿ ನಿಂತ ಸೊಸೆಯರನ್ನೂ ನೋಡಿದರು.

“ಸರಿ ಕಣ್ರಲಾ, ಓಟಂತೂ ಮುಗೀತು. ಇನ್ ಸುರು ಮಾಡ್ಕಳಿ ನಿಮ್ ಪ್ರಚಾರವ. ಇವತ್ತು ಯಾರ್ ಮನೇಲ್ಲಾ ಬಾಡು?”