ಓದದೆ ಹಾಕಿದ ರುಜು

ಲೋಕದಲ್ಲಿ ರುಜು ಹಾಕುವವರು ಎರಡು ಬಗೆ ಎನ್ನುತ್ತಾರೆ: ಓದಿ ಹಾಕುವವರು, ಹಾಕಿದ ಮೇಲೆ ಓದುವವರು. ನಾನು ಮೂರನೆಯ ಬಗೆಯವನು. ಹಾಕುತ್ತಿದ್ದೆ, ಅಷ್ಟೆ. ಇದು ಸೋಮಾರಿತನವಲ್ಲ, ಕಸುಬು. ಮೈಸೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಪಿಂಚಣಿ ಇನ್ನೂ ಬರುತ್ತಿದೆ. ಬೀದಿಗೊಂದು ದೀಪ ಬೇಕು, ಕೇರಿಗೊಂದು ನಲ್ಲಿ ಬೇಕು ಎಂದು ಜನ ಬರೆದುಕೊಂಡ ಅರ್ಜಿಗಳೆಲ್ಲ ಮೊದಲು ನನ್ನ ಮೇಜಿಗೇ ಬಂದು ಬೀಳುತ್ತಿದ್ದವು. ನಾನು ಅಂಚಿನಲ್ಲಿ ‘ನೋಡಲಾಯಿತು’ ಎಂದು ಬರೆದು ರುಜು ಹಾಕಿ, ದಬ್ಬಳದಿಂದ ತೂತು ಹೊಡೆದು, ಕೆಂಪು ದಾರದಲ್ಲಿ ಕಟ್ಟಿ, ನಂಬರು ಕೊಟ್ಟು ಗೂಡಿಗೆ ಸೇರಿಸುತ್ತಿದ್ದೆ. ನಂಬರು ಹೇಳಿದರೆ ಸಾಕು, ಕಣ್ಣು ಮುಚ್ಚಿಕೊಂಡು ಆ ಕಡತವನ್ನು ಎಳೆದು ಕೊಡುವೆ. ಒಳಗೇನಿದೆ ಎಂದು ಕೇಳಿದರೆ ಮಾತ್ರ ಸಿಟ್ಟು ಬರುತ್ತಿತ್ತು. ಒಳಗೇನಿದೆ ಎಂದು ತಿಳಿದುಕೊಳ್ಳುವುದು ಮೇಲಿನವರ ಕೆಲಸ. ಅರ್ಜಿ ಕೊಟ್ಟವರು ಮೇಜಿನ ಮುಂದೆ ಬಂದು ನಿಂತರೆ ಕತ್ತೆತ್ತದೆ ನಂಬರು ಕೇಳಿ ‘ನಾಳೆ ಬನ್ನಿ’ ಎನ್ನುತ್ತಿದ್ದೆ. ಕತ್ತೆತ್ತಿದರೆ ಮುಖ ಕಾಣುತ್ತದೆ, ಮುಖ ಕಂಡರೆ ದಾಕ್ಷಿಣ್ಯ ಹುಟ್ಟುತ್ತದೆ ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಎಚ್ಚರಿಸಿದ್ದರು.

ಈ ಅಭ್ಯಾಸ ಕಚೇರಿಯಲ್ಲೇ ಉಳಿದಿದ್ದರೆ ಬಾಧಕವಿರಲಿಲ್ಲ. ಅದು ನನ್ನ ಸೈಕಲ್ಲಿನ ಹಿಂದೆ ಕೂತು ಮನೆಗೂ ಬಂತು. ಮಾವನವರು ಬರೆದ ಕಾಗದದ ಅಂಚಿಗೂ ಒಂದು ಸಲ ‘ನೋಡಲಾಯಿತು’ ಎಂದು ಬರೆದು ಗೋಡೆಯ ಕಂಬಿಗೆ ಚುಚ್ಚಿಬಿಟ್ಟೆ. ಅದರಲ್ಲಿ ಅವರು ಸೋಮವಾರ ಬೆಳಗಿನ ರೈಲಿಗೆ ಬರುತ್ತೇನೆ, ಸ್ಟೇಷನ್ನಿಗೆ ಬನ್ನಿ ಎಂದು ಬರೆದಿದ್ದರಂತೆ. ಟ್ರಂಕು ಹೊತ್ತುಕೊಂಡು ನಡೆದೇ ಬಂದ ಮಾವನವರಿಗೆ ಕಾಲು ತೊಳೆಯಲು ನೀರು ಕೊಡುತ್ತಾ ನನ್ನ ಹೆಂಡತಿ ಗಿರಿಜ ನನ್ನ ಕಡೆ ನೋಡಿದ ನೋಟವಿದೆಯಲ್ಲ, ಅದನ್ನು ಯಾವ ಗೂಡಿನಲ್ಲಿಯೂ ಇಡಲು ಸಾಧ್ಯವಾಗಲಿಲ್ಲ. ಆದರೂ ನಾನು ತಿದ್ದಿಕೊಳ್ಳಲಿಲ್ಲ. ನನ್ನನ್ನು ತಿದ್ದಿದವರು ನಮ್ಮ ಮೊಹಲ್ಲಾದ ಪ್ರೈಮರಿ ಶಾಲೆಯ ಹೆಡ್‌ಮಿಸ್ಸು ಪದ್ಮಾವತಮ್ಮನವರು. ಅವರನ್ನು ನೆನೆದರೆ ಈಗಲೂ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇನೆ.

ಆಗ ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿತ್ತು. ನಮ್ಮ ಮಗಳು ಲಲಿತ ಆ ಶಾಲೆಯಲ್ಲಿ ಮೂರನೆಯ ತರಗತಿ. ಶಾಲೆ ಎಂದರೆ ಹಳೆಯ ಮನೆ, ಮುಂದಿನ ಅಂಗಳದಲ್ಲಿ ಒಂದು ಹೊಂಗೆ ಮರ. ಮಗುವನ್ನು ಶಾಲೆಗೆ ಸೇರಿಸಿದ ಮೇಲೆ ಅದು ಪಾಸಾಗುವವರೆಗೆ ಅತ್ತ ತಲೆ ಹಾಕಬಾರದು ಎಂದು ನಾವೆಲ್ಲ ನಂಬಿದ್ದ ಕಾಲವದು. ಪದ್ಮಾವತಮ್ಮನವರು ಇದನ್ನು ಒಪ್ಪುವ ಪೈಕಿಯಲ್ಲ. ಪ್ರತಿ ಶನಿವಾರ ಪ್ರತಿ ಮಗುವಿನ ಕೈಯಲ್ಲೂ ಒಂದು ಪುಸ್ತಕ ಮನೆಗೆ ಬರುತ್ತಿತ್ತು. ಅದರಲ್ಲಿ ಮಗು ಆ ವಾರ ಏನು ಕಲಿಯಿತು, ಯಾರ ಜೊತೆ ಜಗಳವಾಡಿತು, ಶಾಲೆಗೆ ಏನು ಬೇಕು, ಎಲ್ಲವೂ ಅವರ ದುಂಡು ಅಕ್ಷರದಲ್ಲಿ ಇರುತ್ತಿತ್ತು. ಮನೆಯವರು ಕೆಳಗೆ ಎರಡು ಸಾಲು ಬರೆದು ಕಳಿಸಬೇಕು. ಓದು ಬಾರದ ಮನೆಗೆ ಅವರೇ ಸಂಜೆ ಹೋಗಿ ಜಗುಲಿಯ ಮೇಲೆ ಕೂತು ಓದಿ ಹೇಳುತ್ತಿದ್ದರು. ಸಾಲದ್ದಕ್ಕೆ ಶಾಲೆಯ ಗೇಟಿಗೆ, ಬೀದಿಗೆ ಮುಖ ಮಾಡಿ, ಒಂದು ಕರಿಹಲಗೆ ತೂಗುಹಾಕಿದ್ದರು. ‘ಇಂದು ಎರಡನೆಯ ತರಗತಿಯವರು ಏಳರ ಮಗ್ಗಿ ಒಪ್ಪಿಸಿದರು, ಮನೆಯಲ್ಲಿ ಕೇಳಿ ನೋಡಿ’ ಎಂದು ಬರೆದರೆ ಮುಗಿಯಿತು, ಆ ಮಕ್ಕಳು ಅಂಗಡಿಗೆ ಹೋದರೆ ಅಂಗಡಿಯವರೂ ಏಳರ ಮಗ್ಗಿ ಕೇಳುತ್ತಿದ್ದರು.

ಎಲ್ಲಕ್ಕಿಂತ ದೊಡ್ಡದು ಶುಕ್ರವಾರದ ಕಡೆಯ ಗಂಟೆ. ಅದಕ್ಕೆ ಮನೆಯವರ ಗಂಟೆ ಎಂದು ಹೆಸರು. ವಾರಕ್ಕೊಂದು ಮನೆಯವರು ಬಂದು ತಮ್ಮ ಕೆಲಸವನ್ನು ಮಕ್ಕಳಿಗೆ ತೋರಿಸಬೇಕು. ಊದಿನಕಡ್ಡಿ ಹೊಸೆಯುವ ಒಬ್ಬ ತಾಯಿ ಬಂದು ಇಡೀ ಶಾಲೆಯ ಕೈಯನ್ನು ಕಪ್ಪು ಮಾಡಿ, ಘಮಘಮ ಎನ್ನಿಸಿ ಹೋದರು. ಬೋಗಾದಿಯ ಸಿದ್ದೇಗೌಡರು ಬೇಸಾಯ ಬಿಟ್ಟು ಮೈಸೂರಿಗೆ ಬಂದು ಟಾಂಗಾ ಹೊಡೆಯುತ್ತಿದ್ದವರು. ಅವರು ಟಾಂಗಾವನ್ನು ಅಂಗಳಕ್ಕೇ ತಂದು, ಕುದುರೆಯ ಗೊರಸು ಎತ್ತಿ ಲಾಳ ತೋರಿಸಿ, ಮಕ್ಕಳನ್ನೆಲ್ಲ ಒಂದೊಂದು ಸುತ್ತು ಕೂರಿಸಿದರಂತೆ. ಕುದುರೆ ಹೆಡ್‌ಮಿಸ್ಸಿನ ಕನಕಾಂಬರದ ಗಿಡವನ್ನು ಬುಡಸಮೇತ ತಿಂದಿತಂತೆ. ಲಲಿತ ಇದನ್ನು ಹದಿನೈದು ದಿನ ಹೇಳಿದಳು. ಹೇಳುವುದಕ್ಕೆ ಮುಂಚೆ ಮಾತ್ರ, ದಿನವೂ ಮಧ್ಯಾಹ್ನ ಊಟಕ್ಕೆ ಬಂದವಳೇ ಅಡುಗೆಮನೆಗೆ ಓಡಿ, ಉಸಿರು ಕಟ್ಟಿ ಎರಡು ಚೊಂಬು ನೀರು ಕುಡಿಯುತ್ತಿದ್ದಳು. “ಇವಳು ಒಂಟೆ ಕುಲದವಳು ಕಣೆ” ಎಂದು ನಾನು ಗಿರಿಜಳ ಹತ್ತಿರ ತಮಾಷೆ ಮಾಡುತ್ತಿದ್ದೆ.

ಒಂದು ಸೋಮವಾರ ಸಂಜೆ ತರಕಾರಿ ತರಲು ಹೋದ ಗಿರಿಜ ಬರಿಗೈಲಿ ಓಡಿಬಂದಳು. “ಏನ್ರೀ, ಶಾಲೆ ಗೇಟಿನ ಹಲಗೇಲಿ ನಿಮ್ಮ ಹೆಸರು ಬರೆದ್ಬುಟ್ಟಿದಾರೆ ಕಣ್ರೀ!” ಎಂದಳು. “ನಾನೇನೇ ತಪ್ಪು ಮಾಡಿದೆ?” ಎಂದು ನಾನು ಎದ್ದು ನಿಂತೆ. ಪುಸ್ತಕ ತೆಗೆಸಿ ನೋಡಿದರೆ ಹೆಡ್‌ಮಿಸ್ಸು ಶನಿವಾರವೇ ಬರೆದಿದ್ದರು: ‘ಬರುವ ಶುಕ್ರವಾರ ತಾವು ಬಂದು ಕಚೇರಿಯ ಕೆಲಸ ಹೇಗೆ ನಡೆಯುತ್ತದೆಂದು ಮಕ್ಕಳಿಗೆ ತೋರಿಸಬೇಕು. ಮಾದರಿಗೆ ತಮ್ಮ ನಾಲ್ಕನೆಯ ಗೂಡಿನ ಹದಿನೇಳನೆಯ ಕಡತ ತರಬೇಕು. ಒಪ್ಪಿಗೆಯೆ?’ ಅದರ ಕೆಳಗೆ ನನ್ನದೇ ಕೈಬರಹ, ‘ನೋಡಲಾಯಿತು. ಒಪ್ಪಿದೆ.’ ರುಜು. ತಾರೀಖು ಕೂಡ ಹಾಕಿದ್ದೆ, ದರಿದ್ರ!

ಕುದುರೆ ಬಂದುಹೋದ ಅಂಗಳಕ್ಕೆ ನಾನು ದಬ್ಬಳ ಹಿಡಿದುಕೊಂಡು ಹೋಗುವುದು ಹೇಗೆ? ತಕ್ಷಣ ಒಂದು ರಜಾ ಅರ್ಜಿ ಬರೆದೆ: ‘ಶುಕ್ರವಾರ ನನಗೆ ಮೈಯಲ್ಲಿ ಸ್ವಸ್ಥವಿರುವುದಿಲ್ಲವಾದ ಕಾರಣ…’ ಮರುದಿನ ಬೆಳಿಗ್ಗೆ ಲಲಿತಳ ಕೈಲಿ ಕಳಿಸಿದೆ. ಸಂಜೆ ಅದೇ ಕಾಗದ ವಾಪಸು ಬಂತು. ಅಂಚಿನಲ್ಲಿ ದುಂಡಗೆ ಬರೆದಿತ್ತು: ‘ನೋಡಲಾಯಿತು. ಗುರುವಾರ ಗುಣವಾಗುವುದು.’ ನನ್ನ ಜೀವಮಾನದಲ್ಲಿ ಇಷ್ಟು ಬೇಗ ವಿಲೇವಾರಿಯಾದ ಅರ್ಜಿಯನ್ನು ನಾನು ನೋಡಿರಲಿಲ್ಲ. ತಪ್ಪಿಸಿಕೊಳ್ಳಲು ಬೇರೆ ದಾರಿ ಹುಡುಕುತ್ತಿದ್ದೆನೋ ಏನೋ, ಆದರೆ ಲಲಿತ ಬಂದು ತೊಡೆಗೆ ಆತುಕೊಂಡು, “ಅಪ್ಪ, ನಾನು ಎಲ್ಲರಿಗೂ ಹೇಳ್ಬುಟ್ಟಿದೀನಿ. ನಮ್ಮಪ್ಪ ರುಜು ಹಾಕಿದ್ರೆ ಸಾಕು, ಬೀದಿ ದೀಪ ಹತ್ತುತ್ತೆ, ನಲ್ಲೀಲಿ ನೀರು ಬರುತ್ತೆ ಅಂತ” ಎಂದಳು. ಆಮೇಲೆ ಕಾಯಿಲೆ ಬೀಳುವುದು ಸಾಧ್ಯವೇ?

ಶುಕ್ರವಾರ ಸೂಪರಿಂಟೆಂಡೆಂಟರ ಅಪ್ಪಣೆ ಕೇಳಿದೆ. ಅವರು ಕತ್ತೆತ್ತದೆ, “ಸಂಜೆ ಒಳಗೆ ಗೂಡಿಗೆ ಬಂದ್ಬಿಡಲಿ” ಎಂದರು. ಕಡತವನ್ನೋ ನನ್ನನ್ನೋ, ತಿಳಿಯಲಿಲ್ಲ. ಹದಿನೇಳನೆಯದನ್ನು ಎಳೆದು, ಧೂಳು ಹೊಡೆದು, ಸೈಕಲ್ಲಿಗೆ ಕಟ್ಟಿದೆ. ಬಿಚ್ಚಿ ನೋಡಿದೆನೇ? ಇಲ್ಲ. ನಮ್ಮ ಗೂಡಿನ ನಂಬರು ಒಬ್ಬ ಹೆಡ್‌ಮಿಸ್ಸಿಗೆ ಹೇಗೆ ಗೊತ್ತು ಎಂದು ಯೋಚಿಸಿದೆನೇ? ಅದೂ ಇಲ್ಲ. ನಂಬರು ಸರಿಯಾಗಿತ್ತು, ಗುಮಾಸ್ತನಿಗೆ ಅಷ್ಟು ಸಾಕು.

ಕ್ಲೋಸ್ ಕಾಲರ್ ಕೋಟು, ಟೋಪಿ ಹಾಕಿಕೊಂಡು ಅಂಗಳಕ್ಕೆ ಕಾಲಿಟ್ಟೆ. ಮರದ ಕೆಳಗೆ ಮಕ್ಕಳು, ಹಿಂದೆ ಜಗುಲಿಯ ಮೇಲೆ ತಾಯಂದಿರು, ಗೇಟಿನ ಬಳಿ ಸಿದ್ದೇಗೌಡರು ಮತ್ತು ಅವರ ಕುದುರೆ. ಬಿಳಿ ಸೀರೆಯ, ದಪ್ಪ ಕನ್ನಡಕದ ಪದ್ಮಾವತಮ್ಮನವರು ಕೈಮುಗಿದು, “ಬನ್ನಿ. ನಾನು ನಿಮ್ಮನ್ನ ತುಂಬ ದಿನದಿಂದ ನೋಡ್ತಾ ಇದೀನಿ. ನೀವು ನನ್ನನ್ನ ನೋಡ್ತಿರೋದು ಇವತ್ತೇ ಮೊದಲು” ಎಂದರು. ಹೊಗಳಿಕೆ ಎಂದುಕೊಂಡು ನಾನು ಸ್ವಲ್ಪ ಉಬ್ಬಿದೆ. ಲೆಕ್ಕಣಿಕೆ ತೋರಿಸಿದೆ, ಮಸಿ ತೋರಿಸಿದೆ, ದಬ್ಬಳದಿಂದ ಹತ್ತು ಹಾಳೆಗೆ ಒಂದೇ ಏಟಿಗೆ ತೂತು ಹೊಡೆದೆ. ಒಬ್ಬ ಹುಡುಗಿ ಆಕಳಿಸಿದಳು. ಇನ್ನೊಬ್ಬಳು, “ಇದು ಕುದುರೆ ಥರ ಏನೂ ತಿನ್ನಲ್ವಾ ಮಾಮ?” ಎಂದು ಕೇಳಿದಳು.

ಆಗ ಹೆಡ್‌ಮಿಸ್ಸು, “ಕಚೇರಿ ಆಟ ಆಡೋಣ. ನಾನು ಅರ್ಜಿ ಕೊಟ್ಟೋಳು. ಲಲಿತ, ನೀನು ನಿಮ್ಮಪ್ಪನ ಜಾಗದಲ್ಲಿ ಕೂತ್ಕೊಮ್ಮ” ಎಂದರು. ನಾನು ಊಟಕ್ಕೆ ಮನೆಗೆ ಬರಲಾಗದ ದಿನ ಅಮ್ಮನ ಜೊತೆ ಬುತ್ತಿ ತಂದು ನಾಲ್ಕೈದು ಸಲ ನನ್ನ ಕಚೇರಿ ನೋಡಿದ್ದವಳು ನನ್ನ ಮಗಳು. ಠೀವಿಯಿಂದ ಕೂತಳು. ಪದ್ಮಾವತಮ್ಮನವರು ಬಂದು ಕೈಕಟ್ಟಿ ನಿಂತು, “ಸ್ವಾಮಿ, ನಮ್ಮ ಅರ್ಜಿ…” ಎನ್ನುವಷ್ಟರಲ್ಲಿ ಲಲಿತ ಕತ್ತೆತ್ತದೆ, ಎಡಗೈಯನ್ನು ಸೊಳ್ಳೆ ಓಡಿಸುವ ಹಾಗೆ ಆಡಿಸಿ, “ನಂಬರು? ಹ್ಞಂ. ನಾಳೆ ಬನ್ನಿ” ಎಂದಳು. ಅದೇ ಕೈ, ಅದೇ ಗಂಟಲು! ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು. ಗಿರಿಜ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡದ್ದು ನನಗೆ ಕಂಡಿತು. ಪದ್ಮಾವತಮ್ಮನವರೊಬ್ಬರು ನಗಲಿಲ್ಲ. “ಈಗ ಆ ಕಡತ ಬಿಚ್ಚಿ, ಮೇಲಿನ ಕಾಗದ ಮಕ್ಕಳಿಗೆ ಓದಿ ಹೇಳಿ” ಎಂದರು.

ಬಿಚ್ಚಿದೆ. ಗಟ್ಟಿಯಾಗಿ ಓದಲು ಹೊರಟೆ: “ನಮ್ಮ ಶಾಲೆಯ ಮಕ್ಕಳಿಗೆ ಕುಡಿಯುವ ನೀರಿಲ್ಲ. ರಸ್ತೆಯಾಚೆಯ ಬಾವಿಯಿಂದ ತರುವ ಒಂದು ಕೊಡ ಬೆಳಿಗ್ಗೆ ಹತ್ತಕ್ಕೇ ಮುಗಿಯುತ್ತದೆ. ಚಿಕ್ಕ ಮಕ್ಕಳು ಮಧ್ಯಾಹ್ನದವರೆಗೆ ಬಾಯಾರಿಕೊಂಡೇ ಕೂರುತ್ತವೆ. ಒಂದು ನಲ್ಲಿ…” ನನ್ನ ದನಿ ಇಳಿಯುತ್ತಾ ಇಳಿಯುತ್ತಾ ನಿಂತೇಹೋಯಿತು. ಎರಡು ವರ್ಷದ ಹಿಂದಿನ ಅರ್ಜಿ. ಅಂಚಿನಲ್ಲಿ ‘ನೋಡಲಾಯಿತು’, ನನ್ನ ರುಜು. ಕೆಳಗೆ ಮಕ್ಕಳ ಮನೆಯವರ ಸಹಿ, ಹೆಬ್ಬೆಟ್ಟು. ಅಲ್ಲಿ ಮೊಟ್ಟಮೊದಲನೆಯದು, ತಾರೀಖು ಸಮೇತ, ಅದೂ ನನ್ನದೇ ರುಜು! ಮನೆಯಲ್ಲಿ ಓದದೆ ಹಾಕಿ ಕೊಟ್ಟಿದ್ದೆ, ಕಚೇರಿಯಲ್ಲಿ ಓದದೆ ಹಾಕಿ ಕಟ್ಟಿದ್ದೆ.

ಸಿದ್ದೇಗೌಡರು ಗೇಟಿನಿಂದಲೇ ಕೂಗಿದರು. “ಅಯ್ ಬುಡಿ ಸಾಮಿ, ಅದು ನಾವೆಲ್ಲ ಎಬ್ಬೆಟ್ಟು ಒತ್ತಿದ್ ಕಾಗ್ದ ಅಲ್ವರಾ? ಮಿಸ್ಸಮ್ಮೋರ್ನ ನಿಮ್ ಕಚೇರಿಗೆ ನಾನೇ ಅನ್ನೊಂದ್ ಸಲ ಕರ್ಕೊಂಡ್ ಬಂದಿವ್ನಿ. ನನ್ ಕುದ್ರೆಗೇ ದಾರಿ ಬಾಯ್ಪಾಠ ಆಗೈತೆ!” ಹನ್ನೊಂದು ಸಲ ಪದ್ಮಾವತಮ್ಮನವರು ನನ್ನ ಮುಂದೆ ನಿಂತಿದ್ದರು. ಹನ್ನೊಂದು ಸಲ ನಾನು ಅವರ ಬಾಯಿಂದ ಇದೇ ನಂಬರು ಕೇಳಿಸಿಕೊಂಡು ಮೇಜನ್ನೇ ನೋಡಿದ್ದೆ. ಆಕಳಿಸಿದ ಹುಡುಗಿ ಈಗ ಎಚ್ಚರವಾಗಿ, “ಆಮೇಲೆ ಆ ಅರ್ಜಿ ಏನಾಯ್ತು ಮಾಮ?” ಎಂದಳು. ಉತ್ತರ ಲಲಿತ ಕೊಟ್ಟಳು: “ನಮ್ಮಪ್ಪ ರುಜು ಹಾಕಿದಾರಲ್ಲ, ಇನ್ನು ನೀರು ಬಂದೇ ಬರುತ್ತೆ.” ದಿನಾ ಎರಡು ಚೊಂಬು ನೀರು ಕುಡಿಯುತ್ತಿದ್ದ ಮಗು ಅದು. ಒಂಟೆ ಎಂದು ನಕ್ಕಿದ್ದೆ. ನಾಚಿಕೆಯಾಯಿತು ಎಂದರೆ ಕಡಿಮೆ. ಅಳು ಬಂತು, ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಬೇರೆ ಯಾರಾದರೂ ಆಗಿದ್ದರೆ ನನ್ನ ಮೇಲೆ ದೂರು ಬರೆಯುತ್ತಿದ್ದರು. ಬರೆದಿದ್ದರೆ ಅದೂ ನನ್ನ ಮೇಜಿಗೇ ಬರುತ್ತಿತ್ತು ಎನ್ನುವುದು ಅವರಿಗೆ ಗೊತ್ತಿತ್ತು. ಆ ಮಹಾತಾಯಿ ಒಂದು ಗಡಸು ಮಾತಾಡಲಿಲ್ಲ. ಮರುದಿನ ಗೇಟಿನ ಹಲಗೆಯಲ್ಲಿ ಇಷ್ಟೇ ಬರೆದರು: ‘ಲಲಿತಳ ತಂದೆಯವರು ಕಡತ ಕಟ್ಟುವುದು ಹೇಗೆಂದು ತೋರಿಸಿದರು. ಬಿಚ್ಚುವುದು ಹೇಗೆಂದು ಮುಂದೆ ತೋರಿಸುವರು.’ ಅದನ್ನು ಅಳಿಸಲೂ ಇಲ್ಲ. ಹಾಲಿನವಳು ಪಾವು ಅಳೆಯುತ್ತಾ “ಬಿಚ್ಚಿದ್ರಾ ಬುದ್ಧೀ?” ಎಂದು ಕೇಳುವಳು. ಕ್ಷೌರದವನು ಕತ್ತಿ ಗಂಟಲ ಹತ್ತಿರ ಬಂದಾಗ ಕೇಳುವನು. ನಾನು ಆ ಕಡತವನ್ನು ಕಂಕುಳಲ್ಲಿಟ್ಟುಕೊಂಡು ಮೇಜಿನಿಂದ ಮೇಜಿಗೆ ನಾನೇ ಹೊರಟೆ. ಪಕ್ಕದ ಮೇಜಿನವನು, ಹತ್ತು ವರ್ಷದ ಗೆಳೆಯ, ಕತ್ತೆತ್ತದೆ “ನಾಳೆ ಬನ್ನಿ” ಎಂದ. ಆ ಮಾತು ಎದುರಿಗೆ ನಿಂತವನಿಗೆ ಹೇಗೆ ಕೇಳಿಸುತ್ತದೆ ಎಂದು ಅವತ್ತು ತಿಳಿಯಿತು. ನಾಳೆ ಹೋದೆ, ನಾಡಿದ್ದೂ ಹೋದೆ. ಹನ್ನೊಂದು ಸಲ ಆಗುವ ಮುಂಚೆ ಕೆಲಸವಾಯಿತು.

ಬೇಸಗೆ ಕಾಲಿಡುವ ಹೊತ್ತಿಗೆ ಹೊಂಗೆ ಮರದ ಕೆಳಗೆ ನಲ್ಲಿ ಬಂತು. ಹಲಗೆಯಲ್ಲಿ ‘ಬಿಚ್ಚಿದರು. ಎಲ್ಲರೂ ಬಂದು ಒಂದು ಲೋಟ ಕುಡಿದು ಹೋಗಬೇಕು’ ಎಂದು ಬರೆದಿತ್ತು. ಎರಡು ಸಲ ಓದಿದೆ. ಮಧ್ಯಾಹ್ನದ ಬಿಸಿಲಲ್ಲಿ ಸೈಕಲ್ ತುಳಿದು, ನಾಲಿಗೆ ಅಂಗುಳಿಗೆ ಅಂಟಿಸಿಕೊಂಡು ಬಂದೆ. ಚೊಂಬು ಹಿಡಿದು ನೀರು ಕೊಡುವ ಕೆಲಸ ಲಲಿತಳದು. ಹೆಮ್ಮೆಯಿಂದ ನೇರ ಮುಂದೆ ಹೋಗಿ ಬೊಗಸೆ ಒಡ್ಡಿದೆ. ಅವಳು ಕತ್ತೆತ್ತಲಿಲ್ಲ. ಎಡಗೈ ಆಡಿಸಿ, “ಸಾಲಲ್ಲಿ ಬರದೇ ಇರೋರು ನಾಳೆ ಬನ್ನಿ” ಎಂದಳು. ಪದ್ಮಾವತಮ್ಮನವರ ಕಡೆ ನೋಡಿದೆ. ಅವರು ಹೊಂಗೆ ಮರ ನೋಡುತ್ತಿದ್ದರು. ಹೋಗಿ ಸಾಲಿನ ಕೊನೆಯಲ್ಲಿ ನಿಂತೆ. ನನ್ನ ಮುಂದೆ ಸಿದ್ದೇಗೌಡರ ಕುದುರೆ ನಿಂತಿತ್ತು.