ಮುಳ್ಳು ಅಲ್ಲಾಡಲಿಲ್ಲ!

ವಿದ್ಯುತ್ತಿಗೂ ಅಯಸ್ಕಾಂತಕ್ಕೂ ನೆಂಟಸ್ತಿಕೆಯಿದೆಯೆಂದು ಕಂಡುಹಿಡಿದವರು ಡೆನ್ಮಾರ್ಕ್ ದೇಶದ ಒಬ್ಬ ಪ್ರೊಫೆಸರು. ದಿಕ್ಸೂಚಿಯ ಮೇಲೆ ಒಂದು ತಂತಿ, ತಂತಿಯಲ್ಲಿ ವಿದ್ಯುತ್ತು. ಕೆಳಗಿನ ಮುಳ್ಳು ಗರಕ್ಕನೆ ತಿರುಗಿತು. ಇಷ್ಟೇ! ಸ್ವಲ್ಪ ಮೊದಲೇ ಹುಟ್ಟಿದ್ದರೆ ಇದನ್ನು ನಾನೇ ಕಂಡುಹಿಡಿಯುತ್ತಿದ್ದೆ ಎಂಬ ಧೈರ್ಯ ನನಗಿತ್ತು.

ಆಗ ನಾನು ಕದ್ರಿಯ ಹತ್ತಿರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ಟ್ರು. ಮದರಾಸಿನಿಂದ ಬರುವ ಇನ್‌ಸ್ಪೆಕ್ಟರರು ನನ್ನ ಪಾಠ ಮೆಚ್ಚಿದರೆ ಕೆಲಸ ಖಾಯಂ. ಇಲ್ಲದಿದ್ದರೆ ಹಂಚಿನ ಕಾರ್ಖಾನೆಯಲ್ಲಿ ಮಾವನ ಕೈಕೆಳಗೆ ಗುಮಾಸ್ತಿಕೆ!

ಬಂದರಿನಲ್ಲಿ ಸರಕಿನ ಮಂಜಿ ಹಡಗು ನಡೆಸುವ ತಂಡೇಲನನ್ನು ಕಾಡಿ ಬೇಡಿ ದಿಕ್ಸೂಚಿ ತಂದೆ. ಅದನ್ನು ಹಲಗೆಯ ಮೇಲಿಟ್ಟು, ಮೇಲಿನಿಂದ ತಂತಿಯನ್ನು ಹಲಗೆಗೇ ಬಿಗಿದು, ಪುಸ್ತಕದ ಚಿತ್ರದಲ್ಲಿದ್ದಂತೆ ತಂತಿ ಮುಳ್ಳಿನ ನೇರಕ್ಕೆ ಬರುವಂತೆ ಉತ್ತರ ದಕ್ಷಿಣವಾಗಿ ಇರಿಸಿ ಮನೆಯಲ್ಲೇ ಪ್ರಯೋಗ ಮಾಡಿದೆ. ಮುಳ್ಳು ತಿರುಗಿತು! ಹೆಂಡತಿ ಗಿರಿಜೆ ಮಾತ್ರ ಹಲಗೆಯನ್ನೇ ನೋಡುತ್ತಿದ್ದಳು.

"ಎಂತ ಮಾರಾಯ್ರೆ, ಒಳ್ಳೆ ಕೆಲಸಕ್ಕೆ ಯಾರಾದ್ರೂ ತೆಂಕು ಬಡಗು ಮಲಗಿಸ್ತಾರಾ? ಹೆಣ ಮಲಗಿಸಿದ ಹಾಗೆ ಉಂಟು! ಮೂಡು ಪಡು ಇಡಿ."

"ಇದು ವಿಜ್ಞಾನ! ಇದಕ್ಕೆ ಶಕುನ ಗಿಕುನ ಇಲ್ಲ" ಎಂದು ಗರ್ಜಿಸಿದೆ.

ಮರುದಿನ ಶಾಲೆಯ ವರಾಂಡದಲ್ಲಿ ಇನ್‌ಸ್ಪೆಕ್ಟರರ ಬೂಟಿನ ಸದ್ದು ಕೇಳಿದ್ದೇ ತಡ, ನನ್ನ ಕೈ ತಾನಾಗಿಯೇ ಹಲಗೆಯನ್ನು ಗಿರಿಜೆ ಹೇಳಿದಂತೆ ಪೂರ್ವ ಪಶ್ಚಿಮವಾಗಿ ತಿರುಗಿಸಿಬಿಟ್ಟಿತು. ನಾನು ಅದನ್ನೆಲ್ಲ ನಂಬುತ್ತೇನೆಂದಲ್ಲ. ಕೆಲಸ ಖಾಯಂ ಆಗಿರಲಿಲ್ಲ, ಅಷ್ಟೇ.

"ಮಹನೀಯರೇ, ಈಗ ನೋಡಬೇಕು!" ಎಂದು ಘೋಷಿಸಿ ವಿದ್ಯುತ್ತು ಹರಿಸಿದೆ. ಮುಳ್ಳು ಅಲ್ಲಾಡಲಿಲ್ಲ. ಕೆಮ್ಮಿ, ಮತ್ತೆ ಹರಿಸಿದೆ. ಅಲ್ಲಾಡಲಿಲ್ಲ!

"ಎಂತ ಆಯ್ತು ಮಾಸ್ಟ್ರೇ?" ಎಂದರು ಹೆಡ್‌ಮಾಸ್ಟ್ರು.

"ಬ್ಯಾಟರಿಗೆ ಶಕ್ತಿ ಕಮ್ಮಿ ಸರ್." ಶಾಲೆಯಲ್ಲಿದ್ದ ಬ್ಯಾಟರಿಗಳನ್ನೆಲ್ಲ ತಂದು ಜೋಡಿಸಿದೆ. ಪ್ರಯೋಜನವಿಲ್ಲ. "ಈ ದಿಕ್ಸೂಚಿ ಸಮುದ್ರದ ಮೇಲೆಯೇ ಬೆಳೆದದ್ದು ಸರ್, ನೆಲದ ಮೇಲೆ ಅದಕ್ಕೆ ಸ್ವಲ್ಪ ನಾಚಿಕೆ" ಎಂದೆ. ಹುಡುಗರು ನಕ್ಕರು. ಇನ್‌ಸ್ಪೆಕ್ಟರರು ನಗಲಿಲ್ಲ. ಅವರ ಕೊಡೆಯ ಕಬ್ಬಿಣದ ಕಡ್ಡಿಗಳ ಮೇಲೆ ತಪ್ಪು ಹೊರಿಸಿದೆ. ಅವರು ಕೊಡೆಯನ್ನು ಹೊರಗೆ ಕಳಿಸಿದರು. ಇನ್ನು ಹೊರಗೆ ಕಳಿಸಲು ಉಳಿದಿದ್ದವನು ನಾನೊಬ್ಬನೇ!

ಕಣ್ಣ ಮುಂದೆ ಹಂಚಿನ ರಾಶಿ ಕಾಣತೊಡಗಿತು. ವಿದ್ಯುತ್ತು ಹರಿಯುತ್ತಿದೆಯೋ ಇಲ್ಲವೋ ನೋಡೋಣವೆಂದು ತಂತಿ ಮುಟ್ಟಿದೆ. ಅಷ್ಟು ಬ್ಯಾಟರಿ ಜೋಡಿಸಿದ ತಂತಿ ಕಾದು ಕೆಂಡವಾಗಿತ್ತು!

"ಅಯ್ಯಯ್ಯೋ!" ಎಂದು ಕೈ ಕೊಡವಿದ ರಭಸಕ್ಕೆ ಹಲಗೆ ಸುತ್ತಿ ಉತ್ತರ ದಕ್ಷಿಣವಾಗಿ ನಿಂತಿತು. ಮುಳ್ಳು ಗರಕ್ಕನೆ ತಿರುಗಿತು! ತಂತಿ ಮುಳ್ಳಿಗೆ ಅಡ್ಡವಾಗಿದ್ದರೆ ಏನೂ ಆಗದು, ನೇರಕ್ಕಿದ್ದರೇ ಆಗುವುದು ಎಂದು ನನಗೆ ತಿಳಿದದ್ದು ಆಗಲೇ.

ಇನ್‌ಸ್ಪೆಕ್ಟರರು ಎದ್ದು ನಿಂತರು. "ಭೇಷ್! ಹಿಂದಿನ ವಿಜ್ಞಾನಿಗಳೂ ತಂತಿಯನ್ನು ಹೀಗೆಯೇ ಅಡ್ಡ ಇಟ್ಟು ಸೋತಿದ್ದರು. ಮೊದಲು ಆ ಸೋಲು, ಆಮೇಲೆ ಗೆಲುವು. ಸಂಶೋಧನೆಯ ಇತಿಹಾಸವನ್ನೇ ತೋರಿಸಿದಿರಿ! ಬೇಕೆಂದೇ ಮಾಡಿದಿರಲ್ಲವೆ?"

"ಹೌದು ಸರ್" ಎಂದೆ, ಸುಟ್ಟ ಬೆರಳನ್ನು ಬೆನ್ನ ಹಿಂದೆ ಅಡಗಿಸಿ.

ಕೆಲಸ ಖಾಯಂ ಆಯಿತು. ಅಬ್ಬ! ಅಂದು ಹೊಟ್ಟೆ ತುಂಬ ಗಂಜಿ ಉಂಡು, ಎಷ್ಟೋ ದಿನಗಳ ಮೇಲೆ ನೆಮ್ಮದಿಯಿಂದ ನಿದ್ದೆ ಮಾಡಿದೆ.

ಆದರೆ ಹೆಡ್‌ಮಾಸ್ಟ್ರ ಅಪ್ಪಣೆಯಂತೆ ಆ ಸೋಲನ್ನು ಪ್ರತಿವರ್ಷವೂ ಮಾಡಿ ತೋರಿಸಬೇಕಾಗಿದೆ. ತರಗತಿಯ ಮುಂದೆ ಕಣ್ಣು ಕಣ್ಣು ಬಿಡುತ್ತ, ಬೆವರುತ್ತ ನಿಲ್ಲುತ್ತೇನೆ. ಮೊನ್ನೆ ಕಿಟಕಿಯಾಚೆ ಹುಡುಗರು ಮಾತಾಡಿಕೊಳ್ಳುತ್ತಿದ್ದರು:

"ಏನೂ ಗೊತ್ತಿಲ್ಲದವರ ವೇಷ ನಮ್ಮ ಮಾಸ್ಟ್ರಿಗೆ ಭಾರೀ ಒಪ್ತದೆ ಮಾರಾಯ!"